ಹೊಟ್ಟೆನೋವಿನವರ ಆರೈಕೆ

ಶಿಕಾರಿಪುರ ತಾಲ್ಲೂಕಿನಲ್ಲಿ, ಶಿರಾಳಕೊಪ್ಪದ ಬಳಿ ಇರುವ ಬಳ್ಳಿಗಾವೆಯನ್ನು ಅಲ್ಲಮನ ಊರೆಂದು, ಕೇದಾರೇಶ್ವರ ದೇವಾಲಯದ ಊರೆಂದು ನಾವೆಲ್ಲ ಬಲ್ಲೆವು. ಆ ದೇವಾಲಯಕ್ಕೆ ಸೇರಿದ ಕೋಡಿಯ ಮಠವನ್ನು 1162ರ ಶಾಸನವೊಂದು ಬಹುವಾಗಿ ವರ್ಣಿಸುತ್ತದೆ. ವ್ಯಾಕರಣ, ತರ್ಕ, ಪುರಾಣಗಳ ವ್ಯಾಸಂಗ ಅಲ್ಲಿ ನಡೆಯುತ್ತಿತ್ತು. ದೀನರಿಗೆ, ಕುರುಡರಿಗೆ, ಕುಂಟರಿಗೆ ಅನ್ನ ದೊರೆಯುತ್ತಿತ್ತು. ಅನಾಥ ರೋಗಿಗಳಿಗೆ ಚಿಕಿತ್ಸೆಯೂ ಸಲ್ಲುತ್ತಿತ್ತು. ಅನ್ನವನ್ನೂ ಔಷಧವನ್ನೂ ಒಂದೇ ಸೂರಿನಡಿ ಇರಿಸಿದ ಆ ಏರ್ಪಾಡು ಇಂದಿನ ನಮ್ಮ ವಿಷಯಕ್ಕೆ ತೀರ ಹತ್ತಿರವಾದದ್ದು. ಹೊಟ್ಟೆಯ ರೋಗಗಳಲ್ಲಿ ಈ ಎರಡನ್ನು ಬೇರ್ಪಡಿಸಲಾಗದು. ಇವೆರಡರ ನಡುವೆ ನಿಂತು, ಯಾವುದನ್ನು ಯಾವಾಗ ಎಷ್ಟು ಕೊಡಬೇಕೆಂದು ನೋಡಿಕೊಳ್ಳುವ ಕೈಯೊಂದು ಬೇಕು. ಅದನ್ನೇ ನಾವು ಶುಶ್ರೂಷೆ ಎನ್ನುತ್ತೇವೆ.

ಶಿಕಾರಿಪುರದಲ್ಲಿಯೂ ಸೊರಬದಲ್ಲಿಯೂ ಇಂದು ಸರಕಾರಿ ಆಸ್ಪತ್ರೆಗಳಿವೆ. ಹೆಚ್ಚಿನ ಚಿಕಿತ್ಸೆಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಿದೆ. ಆದರೆ ವೈದ್ಯರು ರೋಗಿಯನ್ನು ನೋಡುವುದು ಕೆಲವೇ ನಿಮಿಷ. ದಿನದ ಉಳಿದ ಹೊತ್ತೆಲ್ಲ ಅವನು ಮನೆಯವರ ವಶ. ಮನೆಯವರು ಎಂದರೆ ಸಾಮಾನ್ಯವಾಗಿ ಹೆಂಡತಿ, ಸೊಸೆ ಅಥವಾ ಮಗಳು. ಆಕೆಗೆ ಈ ವಿದ್ಯೆಯನ್ನು ಯಾರೂ ಕಲಿಸಿರುವುದಿಲ್ಲ. ಬಲ್ಲಳೆಂದು ಎಲ್ಲರೂ ಭಾವಿಸಿರುತ್ತಾರೆ, ಅಷ್ಟೆ.

ಶುಶ್ರೂಷೆಯ ಮೊದಲ ಕೆಲಸ ನೋಡುವುದು. ನೋವು ಬರುವುದು ಊಟಕ್ಕೆ ಮೊದಲೋ, ಅನಂತರವೋ? ವಾಂತಿ ಎಷ್ಟು ಸಲ ಆಯಿತು? ಮಲದ ಬಣ್ಣವೇನು? ಮೂತ್ರ ಸರಿಯಾಗಿ ಹೋಗುತ್ತಿದೆಯೆ? ಇದನ್ನು ಒಂದು ಚೀಟಿಯಲ್ಲಿ ಬರೆದಿಟ್ಟು ವೈದ್ಯರಿಗೆ ತೋರಿಸಿದರೆ ಅವರ ಅರ್ಧ ಶ್ರಮ ಉಳಿಯುತ್ತದೆ. ನಮ್ಮಲ್ಲಿ ‘ಗ್ಯಾಸು’ ಎಂಬ ಒಂದು ಮಾತು ಹತ್ತು ರೋಗಗಳನ್ನು ಮುಚ್ಚಿಡುತ್ತದೆ. ವಯಸ್ಸಾದವರಿಗೆ ಎದೆ ಬಿಗಿದು, ಬೆವರಿಳಿದು, ನೋವು ತೋಳಿಗೋ ದವಡೆಗೋ ಹರಿದರೆ, ಅದನ್ನು ಗ್ಯಾಸೆಂದು ಸೋಡಾ ಕುಡಿಸಿ ಕೂರಿಸುವಂತಿಲ್ಲ. ಅದು ಹೃದಯದ ತೊಂದರೆಯಿರಬಹುದು. 108ಕ್ಕೆ ಕೂಡಲೇ ಕರೆ ಹೋಗಬೇಕು.

ಇನ್ನು ಭೇದಿ. ಮಳೆ ಹಿಡಿದು ಬಾವಿಯ ನೀರು ಕೆಂಪಾಗುವ ದಿನಗಳಲ್ಲಿ ನಾವು ಮಕ್ಕಳ ಬಗ್ಗೆ ಎಚ್ಚರ ವಹಿಸುತ್ತೇವೆ. ದೊಡ್ಡವರಿಗೆ ಏನಾದೀತು ಎಂದುಕೊಳ್ಳುತ್ತೇವೆ. ಭೇದಿಯಾದವರನ್ನು ಕೊಲ್ಲುವುದು ಬಹುಮಟ್ಟಿಗೆ ದೇಹದಿಂದ ನೀರೂ ಲವಣವೂ ಸೋರಿಹೋಗುವುದು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ದ್ರವ ಮುಗಿಯತೊಡಗಿದಾಗ, ಡಾ. ದಿಲೀಪ್ ಮಹಾಲನಬಿಸ್ ಅವರು ಉಪ್ಪು, ಸಕ್ಕರೆ, ಸೋಡಾಗಳ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ ಮೂವತ್ತರ ಸಮೀಪವಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ತರಬೇತಿಯಿಲ್ಲದ ಬಂಧುಗಳ ಕೈ ಅಷ್ಟೊಂದು ಜೀವಗಳನ್ನು ಉಳಿಸಿತು ಎಂಬುದು ಸಣ್ಣ ಮಾತಲ್ಲ.

ಓ.ಆರ್.ಎಸ್. ಪೊಟ್ಟಣ ಸಿಕ್ಕದಿದ್ದರೆ, ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಸಮಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕಿ ಕದಡಬೇಕು. ಇಲ್ಲಿ ಚಮಚವೆಂದರೆ ಚಹದ ಚಮಚ. ಉಪ್ಪು ಹೆಚ್ಚಾಗಬಾರದು. ಗುಟುಕು ಗುಟುಕಾಗಿ ಕುಡಿಸಬೇಕು. ವಾಂತಿಯಾದರೆ ಹತ್ತು ನಿಮಿಷ ತಡೆದು ಮತ್ತೆ ನಿಧಾನವಾಗಿ ಆರಂಭಿಸಬೇಕು. ಉಪ್ಪು ಹಾಕಿದ ಅಕ್ಕಿಯ ಗಂಜಿ, ನೀರು ಮಜ್ಜಿಗೆ ಇವೂ ಒಳ್ಳೆಯವೇ. ಹೊಟ್ಟೆಯನ್ನು ಖಾಲಿ ಕೆಡವುವುದು ಚಿಕಿತ್ಸೆಯಲ್ಲ. ಹೃದಯದ ಅಥವಾ ಮೂತ್ರಪಿಂಡದ ಕಾಯಿಲೆಯಿರುವವರಿಗೆ ಎಷ್ಟು ಕೊಡಬೇಕೆಂದು ವೈದ್ಯರನ್ನು ಕೇಳಬೇಕು. ಕಣ್ಣು ಗುಳಿಬಿದ್ದು, ಮೂತ್ರ ನಿಂತು, ರೋಗಿ ಮಂಪರಿಗೆ ಜಾರಿದರೆ, ಇಲ್ಲವೆ ಮಲದಲ್ಲಿ ರಕ್ತ ಕಂಡರೆ, ಮನೆಯ ಉಪಚಾರದ ಕಾಲ ಮುಗಿಯಿತೆಂದು ತಿಳಿಯಬೇಕು.

ಹೊಟ್ಟೆಯ ಹುಣ್ಣಿನ ವಿಷಯದಲ್ಲಿ ಹಳೆಯ ತಿಳಿವಳಿಕೆ ಬದಲಾಗಿದೆ. ಚಿಂತೆ ಮತ್ತು ಖಾರ ಇವೇ ಅದರ ಮೂಲವೆಂದು ಬಹುಕಾಲ ನಂಬಿದ್ದೆವು. 1980ರ ದಶಕದ ಆರಂಭದಲ್ಲಿ ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಎಂಬ ವೈದ್ಯರು ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಸೂಕ್ಷ್ಮಜೀವಿಗೂ ಹುಣ್ಣಿಗೂ ಇರುವ ನಂಟನ್ನು ಕಂಡರು. 2005ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು. ಆದುದರಿಂದ ವೈದ್ಯರು ಬರೆದುಕೊಟ್ಟ ಗುಳಿಗೆಗಳನ್ನು, ನೋವು ನಿಂತ ಮೇಲೂ, ಹೇಳಿದಷ್ಟು ದಿನ ನುಂಗಿಸುವುದು ಶುಶ್ರೂಷೆಯ ದೊಡ್ಡ ಭಾಗ. ಹುಣ್ಣಿಗೆ ಇನ್ನೊಂದು ಕಾರಣ ನೋವಿನ ಮಾತ್ರೆ. ನಾಟಿಯ, ಅಡಿಕೆ ಸುಗ್ಗಿಯ ದಿನಗಳಲ್ಲಿ ಸೊಂಟ ನೋವೆಂದು ಅಂಗಡಿಯ ಮಾತ್ರೆಯನ್ನು ವಾರಗಟ್ಟಲೆ ನುಂಗುವವರು ಹೊಟ್ಟೆಯೊಳಗೇ ಗಾಯ ಮಾಡಿಕೊಳ್ಳುತ್ತಾರೆ. ಮಲ ಡಾಂಬರಿನಂತೆ ಕಪ್ಪಾಗಿ ಅಂಟತೊಡಗಿದರೆ, ವಾಂತಿ ಕಾಫಿ ಗಸಿಯಂತೆ ಕಂಡರೆ, ಒಳಗೆ ರಕ್ತ ಸುರಿಯುತ್ತಿದೆಯೆಂದು ಅರ್ಥ. ಕಬ್ಬಿಣದ ಮಾತ್ರೆ ತಿನ್ನುವವರಲ್ಲಿಯೂ ಮಲ ಕಪ್ಪಾಗುವುದುಂಟು. ಆದರೆ ಆ ವಿವೇಚನೆ ವೈದ್ಯರದು. ನಾಚಿಕೆಯಿಂದ ಇದನ್ನು ಮುಚ್ಚಿಟ್ಟು ಪ್ರಾಣಾಪಾಯ ತಂದುಕೊಂಡವರುಂಟು.

ಎದೆಯುರಿಯವರಿಗೆ ಮಲಗುವ ಎರಡು ಮೂರು ಗಂಟೆ ಮೊದಲೇ ಊಟ ಮುಗಿಸಬೇಕು. ಮಂಚದ ತಲೆಯ ಕಡೆಯ ಕಾಲುಗಳಡಿ ಇಟ್ಟಿಗೆಯಿಟ್ಟು ಅರ್ಧ ಅಡಿ ಎತ್ತರಿಸಬೇಕು. ಮಲಬದ್ಧತೆಯ ಮುದುಕರಿಗೆ ಸೊಪ್ಪು, ಬಾಳೆದಿಂಡು, ಸಾಕಷ್ಟು ನೀರು, ನಾಲ್ಕು ಹೆಜ್ಜೆ ನಡಿಗೆ ಬೇಕು. ಜೊತೆಗೆ, ಅವಸರಪಡಿಸದ ಏಕಾಂತವೂ ಬೇಕು. ಆದರೆ ಹಠಾತ್ತನೆ ಬಂದ ತೀವ್ರವಾದ ಹೊಟ್ಟೆನೋವಿಗೆ ಹರಳೆಣ್ಣೆ ಕುಡಿಸುವ ಅಭ್ಯಾಸವನ್ನು ಬಿಡಲೇಬೇಕು. ಅದು ಅಪೆಂಡಿಕ್ಸ್ ಬೇನೆಯಾಗಿದ್ದರೆ ಭೇದಿಯ ಔಷಧದಿಂದ ಅದು ಒಡೆಯುವ ಭಯವುಂಟು.

ಪಥ್ಯದ ಬಗ್ಗೆ ಎರಡು ಮಾತು. ಮಲೆನಾಡಿನ ತಂಬುಳಿ, ಗಂಜಿ, ಮಜ್ಜಿಗೆಗಳು ರೋಗಿಯ ನಾಲಿಗೆಗೂ ಹೊಟ್ಟೆಗೂ ಹಿತವಾದವು. ಆದರೆ ಕಾಮಾಲೆಯೆಂದೊಡನೆ ಉಪ್ಪು, ಎಣ್ಣೆ, ಬೇಳೆ ಎಲ್ಲವನ್ನೂ ವಾರಗಟ್ಟಲೆ ನಿಲ್ಲಿಸುವುದರಿಂದ ರೋಗಕ್ಕಿಂತ ಪಥ್ಯವೇ ರೋಗಿಯನ್ನು ಸೊರಗಿಸುತ್ತದೆ. ಹೊಟ್ಟೆ ಒಪ್ಪುವಷ್ಟು ಸಾದಾ ಊಟ, ಸ್ವಲ್ಪ ಸ್ವಲ್ಪವಾಗಿ, ಹಲವು ಸಲ—ಇದು ಈಗಿನ ಕ್ರಮ. ನಾರುಬೇರಿನ ಮದ್ದು ಕೊಡುವವರು ಆ ಸಂಗತಿಯನ್ನು ವೈದ್ಯರಿಂದ ಮರೆಮಾಡಬಾರದು. ಸಮೃದ್ಧಿಯ ನಡುವೆಯೇ ಎಷ್ಟೋ ರೋಗಿಗಳು ಹಸಿದು ಸೊರಗುತ್ತಾರೆ, ಉಣಿಸುವ ಹೊತ್ತನ್ನೂ ರೀತಿಯನ್ನೂ ಯಾರೂ ಯೋಚಿಸದ ಕಾರಣ ಹಾಗಾಗುತ್ತದೆ ಎಂದು ಫ್ಲಾರೆನ್ಸ್ ನೈಟಿಂಗೇಲ್ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಎಚ್ಚರಿಸಿದ್ದರು. ತಟ್ಟೆಯನ್ನು ಹಾಸಿಗೆಯ ಪಕ್ಕದಲ್ಲಿಟ್ಟು ಹೋದರೆ ಉಣಿಸಿದಂತಾಗಲಿಲ್ಲ. ರೋಗಿಯನ್ನು ಒರಗಿಸಿ ಕೂರಿಸಿ, ಬಾಯಿ ಮುಕ್ಕಳಿಸಿ, ಅವನು ನುಂಗುವವರೆಗೆ ಕಾಯುವ ತಾಳ್ಮೆ ಬೇಕು. ಮುಟ್ಟುವ ಮೊದಲೂ ಮುಟ್ಟಿದ ಮೇಲೂ ಸೋಪಿನಿಂದ ಕೈ ತೊಳೆಯಬೇಕು. ಮಲಿನವಾದ ಬಟ್ಟೆಯನ್ನು ಬದಲಿಸುವಾಗ ಮುಖ ಸಿಂಡರಿಸಬಾರದು. ನೋವಿಗಿಂತ ಆ ಅವಮಾನವೇ ರೋಗಿಯನ್ನು ಹೆಚ್ಚು ಕುಗ್ಗಿಸುತ್ತದೆ.

ಕೊನೆಯದಾಗಿ, ಆರೈಕೆ ಮಾಡುವಾಕೆಯ ಮಾತು. ಎಲ್ಲರಿಗೂ ಬಡಿಸಿ, ರೋಗಿಗೆ ಬೇರೆ ಬೇಯಿಸಿ, ತಾನು ಹೊತ್ತು ಮೀರಿ ಉಣ್ಣುವವಳು ಅವಳು. ಅವಳಿಗೂ ಹೊಟ್ಟೆಯಿದೆ, ಅದರ ಉರಿಯನ್ನು ಅವಳು ಯಾರಿಗೂ ಹೇಳುವುದಿಲ್ಲ. ಗಂಡಸರು ಗಂಜಿ ಬೇಯಿಸುವುದನ್ನು ಕಲಿತರೆ, ರಾತ್ರಿಯ ಒಂದು ಸರದಿಯನ್ನು ತಾವು ವಹಿಸಿಕೊಂಡರೆ, ಮನೆಯ ಶುಶ್ರೂಷೆ ನಿಜವಾಗಿ ಮನೆಯದಾಗುತ್ತದೆ. ಈ ಹೊತ್ತು ಊಟಕ್ಕೆ ಕೂರುವ ಮೊದಲು ಅವಳನ್ನೊಮ್ಮೆ ಕೇಳಿ ನೋಡಿ: ನಿನಗೆ ಊಟವಾಯಿತೆ, ನಿನ್ನ ಹೊಟ್ಟೆ ಹೇಗಿದೆ ಎಂದು.