ಎಲೆ ಮಣ್ಣಾಗುತ್ತದೆ, ಪಾಕೀಟು ಆಗುವುದಿಲ್ಲ
(ಹಾನಗಲ್ಲಿನ ತರುಣರ ಸಭೆಯಲ್ಲಿ ಆಡಿದ ಮಾತು)



ಸವಣೂರಿನ ವೀಳ್ಯದೆಲೆ ನಾಡಿಗೇ ಹೆಸರುವಾಸಿ. ನಮ್ಮ ಹಿರಿಯರೂ ಎಲೆ-ಅಡಿಕೆ ಹಾಕಿದರು. ಬಿದ್ದ ಎಲೆ ಮಣ್ಣಾಯಿತು. ಇಂದು ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಎಲ್ಲಿ ಬಸ್ಸಿಳಿದರೂ ಕಾಲಡಿ ಸಿಗುವುದು ಪಾನ್ ಮಸಾಲೆ ಪಾಕೀಟು, ಸಿಗರೇಟಿನ ತುಂಡು. ಆ ತುಂಡಿನ ಫಿಲ್ಟರ್ ಹತ್ತಿಯೆಂದು ತಿಳಿಯಬೇಡಿ. ಅದು ಸೆಲ್ಯುಲೋಸ್ ಅಸಿಟೇಟ್ ಎಂಬ ಪ್ಲಾಸ್ಟಿಕ್!

ನಾನು ಅಚ್ಚುಕೂಟದವನು. ನಮ್ಮಲ್ಲಿ ಕತ್ತರಿಸಿ ಉಳಿದ ಕಾಗದವನ್ನು ರದ್ದಿಯವರು ಕೊಳ್ಳುತ್ತಾರೆ. ಈ ಪಾಕೀಟನ್ನು ಯಾರೂ ಕೊಳ್ಳುವುದಿಲ್ಲ. ಪದರದ ಮೇಲೆ ಪದರ ಅಂಟಿಸಿದ್ದನ್ನು ಬಿಡಿಸಲಾಗದು. ಅದಕ್ಕೇ ಅದು ಗಟಾರ ಸೇರುತ್ತದೆ, ಮಳೆ ಬಂದರೆ ಕೆರೆ ಸೇರುತ್ತದೆ.

2013ರಲ್ಲಿ ಸರಕಾರ ಗುಟಕಾ ನಿಷೇಧಿಸಿತು. ಏನಾಯಿತು? ಪಾನ್ ಮಸಾಲೆ ಒಂದು ಪಾಕೀಟು, ತಂಬಾಕು ಇನ್ನೊಂದು ಪಾಕೀಟು. ಒಂದಿದ್ದ ಕಸ ಎರಡಾಯಿತು! 2025ರಲ್ಲಿ ಜಾರಿಗೆ ಬಂದ ತಿದ್ದುಪಡಿ ಕಾಯ್ದೆ ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ, ತಂಬಾಕು ಉಗುಳಿದರೆ 1,000 ರೂಪಾಯಿವರೆಗೆ ದಂಡ ಎನ್ನುತ್ತದೆ. ಆದರೆ ಪ್ರತಿ ಪಾನ್ ಅಂಗಡಿಗೂ ಪೊಲೀಸರನ್ನು ನಿಲ್ಲಿಸಲಾದೀತೇ?

ಕೆಲಸ ನಮ್ಮದು. ಒಂದೊಂದು ಗುಂಪು ಒಂದೊಂದು ಬಸ್ ನಿಲ್ದಾಣ ಹಿಡಿಯಲಿ. ಅಂಗಡಿಯವರ ಜೊತೆ ಜಗಳ ಬೇಡ. "ಅಣ್ಣಾ, ಪಾಕೀಟಿಗೊಂದು ಡಬ್ಬಿ, ತುಂಡಿಗೊಂದು ಮರಳಿನ ಡಬ್ಬಿ ಇಡ್ರಿ" ಎಂದು ಕೇಳಿ. ತುಂಬಿದ್ದು ದಿನಾ ಪುರಸಭೆ, ಪಟ್ಟಣ ಪಂಚಾಯಿತಿಯ ಗಾಡಿಗೆ ಹೋಗಲಿ. ಡಬ್ಬಿಗೆ ಅಂಟಿಸುವ ಕನ್ನಡದ ಚೀಟಿ ನಾನು ಪುಕ್ಕಟೆ ಅಚ್ಚು ಹಾಕಿಕೊಡುತ್ತೇನೆ.

ಬೋರ್ಡಿನಲ್ಲಿ ಕನ್ನಡ ಬೇಕೆಂದು ಹೋರಾಡುವ ನಾವೇ ಆ ಬೋರ್ಡಿನ ಕೆಳಗೆ ಉಗುಳಿದರೆ, ಅದೆಂಥ ಅಭಿಮಾನ?

ಜೈ ಕರ್ನಾಟಕ!