ಸಟಾಣಾದ ಫಡ ಪದ್ಧತಿ: ನೀರು ಹಂಚಿ ಉಂಡವರ ಪಾಠ

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ನೀರಿನ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ಸಂಘದವರು ನನಗೆ ಅಪ್ಪಣೆ ಮಾಡಿದ್ದಾರೆ. ನೀರಿನ ಬೆಲೆಯನ್ನು ನಿಮಗೆ ನಾನು ಕಲಿಸಬೇಕಾಗಿಲ್ಲ. ಹೊಟೇಲಿನ ಮೋರಿಯ ಬಳಿ ದಿನವಿಡೀ ಕಪ್ಪು ಬಸಿ ತೊಳೆದವರು ನೀವು. ಗಿರಣಿಯ ಪಾಳಿ ಮುಗಿಸಿ ಬಂದು ಚಾಳಿನ ನಳದ ಮುಂದೆ ಕೊಡ ಹಿಡಿದು ಸರದಿ ಕಾದವರು ನೀವು. ಆದರೆ ಆ ನಳದ ನೀರು ಎಲ್ಲಿಂದ ಬರುತ್ತದೆ, ಅದು ಹೊರಟು ಬರುವ ಊರಿನ ಜನ ಏನು ಕುಡಿಯುತ್ತಾರೆ ಎಂಬುದನ್ನು ನಾವು ವಿಚಾರ ಮಾಡಿದ್ದು ಕಡಮೆ.

ಈ ಮುಂಬಯಿಯ ಲೆಕ್ಕವನ್ನೇ ಮೊದಲು ನೋಡೋಣ. 1860ರಲ್ಲಿ ವಿಹಾರ ಕೆರೆಯಾಯಿತು. ಅದು ಸಾಲದೆ 1879ರಲ್ಲಿ ತುಳಸಿ ಕೆರೆಯಾಯಿತು. 1892ರಲ್ಲಿ ತಾನಸಾ, 1957ರಲ್ಲಿ ಮೋಡಕ್ ಸಾಗರ, ಅನಂತರ ಮೇಲಿನ ವೈತರಣಾ, ಭಾತ್ಸಾ, 2014ರಲ್ಲಿ ಮಧ್ಯ ವೈತರಣಾ. ಊರು ಬೆಳೆದಂತೆಲ್ಲ ಅದರ ಕೈ ಉದ್ದವಾಗುತ್ತ ಹೋಯಿತು. ಮೇಲಿನ ವೈತರಣಾ ಇರುವುದು ನಾಸಿಕ್ ಜಿಲ್ಲೆಯ ಇಗತಪುರಿ ತಾಲೂಕಿನಲ್ಲಿ. ತಾನಸಾ, ಭಾತ್ಸಾ ಇರುವ ಶಹಾಪುರ ತಾಲೂಕಿನ ಎಷ್ಟೋ ಹಳ್ಳಿಗಳಿಗೆ ಬೇಸಗೆಯಲ್ಲಿ ಟ್ಯಾಂಕರಿನ ನೀರೇ ಗತಿ. ಮನೆಯ ಅಂಗಳದಲ್ಲಿ ಕೆರೆ, ಮನೆಯೊಳಗೆ ಬರಿದಾದ ಕೊಡ! ಇದು ಯಾರೊಬ್ಬರ ಕೆಟ್ಟತನದಿಂದಾದದ್ದಲ್ಲ. ಊರು ಬೆಳೆಯುವಾಗ ನೀರನ್ನು ಹೇಗೆ ಹಂಚಬೇಕೆಂದು ಎಲ್ಲರೂ ಒಟ್ಟಿಗೆ ಕುಳಿತು ನಿರ್ಧರಿಸದೆ ಹೋದುದರ ಫಲ.

ಹಾಗೆ ಕುಳಿತು ನಿರ್ಧರಿಸಿದವರು ಎಲ್ಲಾದರೂ ಇದ್ದರೇ ಎಂದು ನೀವು ಕೇಳಬಹುದು. ಇದ್ದರು, ಅದೇ ನಾಸಿಕ್ ಜಿಲ್ಲೆಯ ಉತ್ತರ ಭಾಗದಲ್ಲಿ. ಬಾಗಲಾಣ ತಾಲೂಕಿನ ಮುಖ್ಯ ಊರು ಸಟಾಣಾ. ಆರಮ್ ಎಂಬ ಹೊಳೆಯ ದಡದಲ್ಲಿದೆ. ನಿಮ್ಮ ಅಡಿಗೆಮನೆಯಲ್ಲಿ ಹೆಚ್ಚುವ ಈರುಳ್ಳಿಯಲ್ಲಿ ಆ ಸೀಮೆಯದೂ ಇದ್ದೀತು. ಈರುಳ್ಳಿಗೂ ದಾಳಿಂಬೆಗೂ ಅದು ಹೆಸರಾದ ನೆಲ. ಆರಮ್, ಮೋಸಮ್ ಎರಡೂ ಗಿರಣಾ ನದಿಯನ್ನು ಸೇರುತ್ತವೆ. ಈ ಹೊಳೆಗಳ ದಡದಲ್ಲೂ, ನೆರೆಯ ಧುಳೆ ಜಿಲ್ಲೆಯ ಪಾಂಝರಾ ದಡದಲ್ಲೂ ಮುನ್ನೂರು ನಾನೂರು ವರ್ಷಗಳಿಂದ ‘ಫಡ’ ಎಂಬ ನೀರಾವರಿ ಪದ್ಧತಿ ನಡೆದು ಬಂದಿದೆ.

ಅದರ ಕ್ರಮ ಹೀಗೆ. ಹೊಳೆಗೆ ಅಡ್ಡವಾಗಿ ಕಲ್ಲಿನ ಒಡ್ಡು ಕಟ್ಟುತ್ತಾರೆ. ಅದಕ್ಕೆ ಬಂಧಾರಾ ಎನ್ನುತ್ತಾರೆ. ಅಲ್ಲಿಂದ ಎರಡು ಮೈಲಿಗಿಂತ ಕಡಮೆಯಿಂದ ಹಿಡಿದು ಏಳು ಮೈಲಿಯವರೆಗೂ ಕಾಲುವೆ ಹರಿಯುತ್ತದೆ. ನಮ್ಮ ಕಾಲುವೆಗೆ ಅವರು ಕಾಲವಾ ಎನ್ನುತ್ತಾರೆ. ಮಾತೂ ನೆಂಟು, ನೀರೂ ನೆಂಟು. ಕಾಲುವೆಯ ಕೆಳಗಿನ ಜಮೀನನ್ನೆಲ್ಲ ಸಾಧಾರಣವಾಗಿ ನಾಲ್ಕು ಭಾಗ ಮಾಡುತ್ತಾರೆ. ಒಂದೊಂದು ಭಾಗವೂ ಒಂದೊಂದು ಫಡ. ಒಂದು ಫಡದಲ್ಲಿ ಒಂದೇ ಜಾತಿಯ ಬೆಳೆ. ಕಬ್ಬಾದರೆ ಎಲ್ಲರದೂ ಕಬ್ಬು, ಕಾಳಾದರೆ ಎಲ್ಲರದೂ ಕಾಳು. ವರ್ಷದಿಂದ ವರ್ಷಕ್ಕೆ ಬೆಳೆ ಫಡದಿಂದ ಫಡಕ್ಕೆ ಸರಿಯುತ್ತದೆ. ಯಾವ ಫಡಕ್ಕೆ ನೀರು, ಯಾವುದನ್ನು ಬೀಳು ಬಿಡುವುದು ಎಂಬುದನ್ನು ಬಿತ್ತನೆಗೆ ಮೊದಲೇ ಊರವರು ಸೇರಿ ಗೊತ್ತುಮಾಡುತ್ತಾರೆ.

ಇದರಲ್ಲಿ ಒಂದು ಗುಟ್ಟಿದೆ, ಗಮನಿಸಿ. ರೈತನ ಜಮೀನು ಒಂದೇ ಕಡೆ ಇರದೆ ಬೇರೆ ಬೇರೆ ಫಡಗಳಲ್ಲಿ ತುಂಡು ತುಂಡಾಗಿ ಹರಡಿರುತ್ತಿತ್ತು. ಮಳೆ ಕೈಕೊಟ್ಟ ವರ್ಷ ಒಂದು ಫಡ ಬೀಳು ಬಿದ್ದರೆ ಎಲ್ಲರಿಗೂ ಸ್ವಲ್ಪ ಸ್ವಲ್ಪ ನಷ್ಟ. ಒಬ್ಬ ಮುಳುಗಿ ಇನ್ನೊಬ್ಬ ತೇಲುವ ಪ್ರಸಂಗ ಅಪರೂಪ. ಸುಗ್ಗಿಯನ್ನು ಹಂಚಿಕೊಳ್ಳುವುದು ಸುಲಭ. ಅವರು ಬರವನ್ನೂ ಹಂಚಿಕೊಂಡರು. ಪದ್ಧತಿಯ ಜೀವ ಇದೇ.

ನೀರು ಬಿಡಲು ಪಾಟಕರಿ, ಅವನ ಮೇಲ್ವಿಚಾರಣೆಗೆ ಹವಾಲ್ದಾರ, ಬೆಳೆ ಕಾಯಲು ಜಾಗಲ್ಯಾ ಎಂದು ಆಳುಗಳು. ಇವರು ಊರಿನ ಆಳುಗಳೇ ಹೊರತು ಯಾವ ಒಬ್ಬ ಶ್ರೀಮಂತನ ಆಳುಗಳಲ್ಲ. ನಮ್ಮ ಕಡೆಯ ಕೆರೆ ಬಯಲುಗಳಲ್ಲಿ ನೀರುಗಂಟಿ ಇದ್ದನಲ್ಲ, ಹಾಗೆ. ಗದ್ದೆಯ ಯಜಮಾನ ತಾನೇ ತೂಬು ಎತ್ತಕೂಡದು, ನೀರುಗಂಟಿಯೇ ಎತ್ತಬೇಕು ಎಂಬ ಕಟ್ಟಳೆ ನಮ್ಮ ಹಿರಿಯರಿಗೂ ತಿಳಿದಿತ್ತು. ಕಾಸರಗೋಡಿನ ಏತಡ್ಕದಂಥ ಊರುಗಳಲ್ಲಿ ಮಳೆಗಾಲ ಕಳೆದ ಮೇಲೆ ರೈತರು ಸೇರಿ ತೋಡಿಗೆ ಕಟ್ಟ ಕಟ್ಟುವುದೂ ಇದೇ ಜಾತಿಯ ಬುದ್ಧಿ.

ಆದರೆ ಹಳೆಯದೆಲ್ಲ ಹೊನ್ನೆಂದು ಹೇಳಲು ನಾನು ಬಂದಿಲ್ಲ. ಫಡದಲ್ಲಿ ನೀರಿನ ಹಕ್ಕು ಜಮೀನಿಗೆ ಅಂಟಿಕೊಂಡಿತ್ತು. ಜಮೀನಿಲ್ಲದ ಕೂಲಿಯವನಿಗೆ ಕೆಲಸ ಸಿಕ್ಕೀತು, ನೀರಿನ ಪಾಲು ಸಿಗಲಿಲ್ಲ. ಕೂಲಿಕಾರರಾದ ನಾವು ಇದನ್ನು ನೋಡದೆ ಬಿಡಕೂಡದು. ಈ ಕೊರತೆಯನ್ನು ತುಂಬಲು ಪುಣೆ ಜಿಲ್ಲೆಯ ಪುರಂದರ ತಾಲೂಕಿನಲ್ಲಿ ಒಂದು ಪ್ರಯತ್ನ ನಡೆಯಿತು. 1972ರ ದೊಡ್ಡ ಬರದ ಅನಂತರ ವಿಲಾಸರಾವ್ ಸಾಳುಂಖೆ ಎಂಬ ಇಂಜಿನಿಯರರು ನಾಯಗಾವದಲ್ಲಿ ‘ಪಾಣಿ ಪಂಚಾಯತ್’ ಆರಂಭಿಸಿದರು. ಅಲ್ಲಿ ನೀರಿನ ಲೆಕ್ಕ ಎಕರೆಗಲ್ಲ, ತಲೆಗೆ. ತಲೆಗೆ ಅರ್ಧ ಎಕರೆಯಂತೆ, ಒಂದು ಕುಟುಂಬಕ್ಕೆ ಹೆಚ್ಚೆಂದರೆ ಎರಡೂವರೆ ಎಕರೆಗೆ ಸಾಲುವಷ್ಟು ನೀರು. ಭೂಮಿ ಇಲ್ಲದವನಿಗೂ ಪಾಲುಂಟು. ನೀರು ಕುಡಿಯುವ ಕಬ್ಬಿಗೆ ಮಾತ್ರ ಅಲ್ಲಿ ಜಾಗವಿಲ್ಲ.

ಇನ್ನು ಸಟಾಣಾಕ್ಕೆ ಮರಳೋಣ. 1879ರ ಮುಂಬಯಿ ನೀರಾವರಿ ಕಾಯಿದೆಯಿಂದ ಹೊಳೆಯ ನೀರಿನ ಮೇಲೆ ಸರಕಾರದ ಕೈ ಬಲವಾಯಿತು. ಮುಂದೆ ಮೋಸಮಿಗೆ ಹರಣಬಾರಿಯಲ್ಲಿ, ಆರಮಿಗೆ ಕೇಳಝರದಲ್ಲಿ ಅಣೆಕಟ್ಟುಗಳಾದವು. ಕೆಳಗಿನ ಹಳೆಯ ಬಂಧಾರಾಗಳು ಹೊಳೆಯನ್ನು ನಂಬುವ ಬದಲು ಮೇಲಿನಿಂದ ಯಾವಾಗ ನೀರು ಬಿಟ್ಟಾರೆಂದು ಕಾಯುವಂತಾಯಿತು. ದಡದ ಉದ್ದಕ್ಕೂ ಬಾವಿ ತೋಡಿ ವಿದ್ಯುತ್ ಪಂಪು ಇಟ್ಟವನಿಗೆ ಪಾಟಕರಿಯ ಹಂಗು ತಪ್ಪಿತು. ಪಂಪು ಇಲ್ಲದವನು ಹಿಂದೆ ಬಿದ್ದ. ಒಬ್ಬೊಬ್ಬನೂ ತನ್ನ ಬಾವಿಯ ಲೆಕ್ಕ ಹಾಕತೊಡಗಿದಾಗ ಊರಿನ ಲೆಕ್ಕ ತಪ್ಪಿತು. ಹಲವು ಫಡಗಳು ಸೊರಗಿದವು. ಕೆಲವು ಇನ್ನೂ ಉಸಿರು ಹಿಡಿದಿವೆ.

ಇತ್ತ ಸಟಾಣಾ ಊರೂ ಬೆಳೆಯಿತು. 2001ರ ಜನಗಣತಿಯಲ್ಲೇ ಅಲ್ಲಿನ ಜನಸಂಖ್ಯೆ ಮೂವತ್ತು ಸಾವಿರ ದಾಟಿತ್ತು. ನದಿಯ ಬಾವಿಗಳನ್ನು ನಂಬಿದ ಊರಿಗೆ ಬೇಸಗೆಯಲ್ಲಿ ಕುಡಿಯುವ ನೀರಿಗೇ ತತ್ವಾರ. ಆದುದರಿಂದ ನೆರೆಯ ಕಳವಣ ತಾಲೂಕಿನ ಪುನದ್ ಅಣೆಕಟ್ಟಿನಿಂದ ಕೊಳವೆ ಎಳೆಯುವ ಯೋಜನೆಯಾಯಿತು. 2019ರ ಸುಮಾರಿಗೆ ಕಳವಣದ ರೈತರು ಅದಕ್ಕೆ ಬಲವಾದ ವಿರೋಧ ತೋರಿದರು. “ನಮ್ಮ ಹೊಲಕ್ಕೆಂದು ಕಟ್ಟಿದ ನೀರು” ಎಂಬುದು ಅವರ ವಾದ. “ಕುಡಿಯುವ ನೀರಿಗೆ ಮೊದಲ ಹಕ್ಕು” ಎಂಬುದು ಇವರ ವಾದ. ಎರಡರಲ್ಲಿ ಯಾವುದನ್ನು ಸುಳ್ಳೆನ್ನೋಣ? ಹಿಂದೆ ಒಂದು ಕಾಲುವೆಯ ಜನ ಬಿತ್ತನೆಗೆ ಮೊದಲು ಕುಳಿತು ಮಾತಾಡುತ್ತಿದ್ದರು. ಈಗ ಎರಡು ತಾಲೂಕುಗಳು ಕೊಳವೆ ಬಂದ ಮೇಲೆ ಜಗಳಕ್ಕೆ ನಿಂತವು.

ಇದೇ ವ್ಯಾಜ್ಯ ಗೋದಾವರಿಯಲ್ಲಿ ಇನ್ನೂ ದೊಡ್ಡದು. ಮೇಲೆ ನಾಸಿಕ್, ಅಹಿಲ್ಯಾನಗರ. ಕೆಳಗೆ ಛತ್ರಪತಿ ಸಂಭಾಜಿನಗರದ ಜಾಯಕವಾಡಿ. 2005ರ ಕಾಯಿದೆಯ ಪ್ರಕಾರ ರಚಿತವಾದ ಮಹಾರಾಷ್ಟ್ರ ಜಲಸಂಪತ್ತು ಪ್ರಾಧಿಕಾರ 2014ರಲ್ಲಿ ಒಂದು ನಿಯಮ ಮಾಡಿತು. ಅಕ್ಟೋಬರ್ 15ಕ್ಕೆ ಜಾಯಕವಾಡಿಯಲ್ಲಿ ನೂರಕ್ಕೆ ಅರವತ್ತೈದು ಪಾಲು ನೀರಿಲ್ಲದಿದ್ದರೆ ಮೇಲಿನವರು ಬಿಡಬೇಕು. ಬರವನ್ನು ಹಂಚಿಕೊಳ್ಳುವ ಫಡದ ನ್ಯಾಯವೇ ಇದು. ಆದರೂ 2023ರಲ್ಲಿ 8.6 ಟಿ.ಎಂ.ಸಿ. ನೀರು ಬಿಡಬೇಕೆಂದಾಗ ಬೀದಿಯಲ್ಲಿ ಚಳವಳಿ, ಕೋರ್ಟಿನಲ್ಲಿ ದಾವೆ ಎರಡೂ ನಡೆದುವು. ಕಾಗದದ ಮೇಲಿನ ನಿಯಮವೊಂದೇ ಸಾಲದು. ಅದನ್ನು ಮಾಡುವಾಗ ಒಟ್ಟಿಗೆ ಕುಳಿತವರಿಗಷ್ಟೇ ಅದು ತಮ್ಮದೆನಿಸುತ್ತದೆ.

ಬಂಧುಗಳೇ, ನಾವು ಎರಡು ದಡದ ಜನ. ಊರಿನಲ್ಲಿ ಮಳೆ ತಪ್ಪಿ, ಹೊಲ ಒಣಗಿ ರೈಲು ಹತ್ತಿ ಬಂದವರು ನಮ್ಮಲ್ಲಿ ಬಹಳ ಮಂದಿ. ಈಗ ನಿಂತಿರುವುದು ನಳದ ಕಡೆ. ಹಳ್ಳಿಯವನ ಸಂಕಟವೂ ಪಟ್ಟಣದವನ ಅಗತ್ಯವೂ ನಮಗೆ ಗೊತ್ತಿರುವಷ್ಟು ಬೇರೆ ಯಾರಿಗೆ ಗೊತ್ತು? ಆದುದರಿಂದ ಮೂರು ಸಂಗತಿಗಳನ್ನು ನಿಮ್ಮ ಮುಂದಿಡುತ್ತೇನೆ.

ಮೊದಲನೆಯದು, ಲೆಕ್ಕ. ನಿಮ್ಮ ಹೊಟೇಲಿನಲ್ಲಿ, ನಿಮ್ಮ ಚಾಳಿನಲ್ಲಿ ದಿನಕ್ಕೆ ಎಷ್ಟು ನೀರು ಬರುತ್ತದೆ, ಎಷ್ಟು ಸೋರಿಹೋಗುತ್ತದೆ ಎಂದು ಬರೆದಿಡಿ. ಲೆಕ್ಕವಿಲ್ಲದ ಕಡೆ ನ್ಯಾಯ ಕೇಳಲು ಬಾಯಿ ಬರುವುದಿಲ್ಲ. ಎರಡನೆಯದು, ಸರದಿ. ನೀರು ಕಡಮೆಯಾದ ದಿನ ಕೆಳಗಿನ ಖೋಲಿಯವನಿಗೆ ತುಂಬ, ಮೇಲಿನವನಿಗೆ ಸೊನ್ನೆ ಆಗಬಾರದು. ಎಲ್ಲರಿಗೂ ಎರಡು ಕೊಡ ಕಡಮೆಯಾಗಲಿ. ಮೂರನೆಯದು, ಊರು. ರಜೆಗೆ ಹೋದಾಗ ನಿಮ್ಮೂರ ಕೆರೆಯ ತೂಬು ಹೇಗಿದೆ, ನೀರುಗಂಟಿಗೆ ಯಾರು ಕೂಲಿ ಕೊಡುತ್ತಾರೆ ಎಂದು ವಿಚಾರಿಸಿ. ಗ್ರಾಮಸಭೆಯಲ್ಲಿ ಕೇಳಿ. ನಾವು ಕಳಿಸುವ ಮನಿಯಾರ್ಡರಿಗೆ ಬೆಲೆಯಿದ್ದಂತೆ ನಮ್ಮ ಮಾತಿಗೂ ಅಲ್ಲಿ ಬೆಲೆಯಿದೆ.

ಸಂಘವೆಂದರೆ ಏನೆಂದು ನಿಮಗೆ ತಿಳಿದಿದೆ. ಒಬ್ಬನ ಕಷ್ಟವನ್ನು ನೂರು ಜನ ಹಂಚಿಕೊಂಡರೆ ಅದು ಹೊರಬಹುದಾದ ಹೊರೆಯಾಗುತ್ತದೆ. ಬಾಗಲಾಣದ ರೈತರು ಇದನ್ನು ನೀರಿನಲ್ಲಿ ಮಾಡಿ ತೋರಿಸಿದರು, ನಾವು ಕೂಲಿಯಲ್ಲಿ ಮಾಡುತ್ತಿದ್ದೇವೆ. ಇನ್ನು ಮುಂದೆ ನೀರಿನಲ್ಲೂ ಮಾಡೋಣ.