ಗೋಲ್‌ಕೀಪರ್‌ನನ್ನು ಅಳೆಯುವುದು ಹೇಗೆ?



ಇಬ್ಬರು ಕ್ರಿಕೆಟ್ ಆಟಗಾರರಲ್ಲಿ ಯಾರು ಮೇಲು ಎಂದು ಗೆಳೆಯರ ನಡುವೆ ವಾದ ಹತ್ತಿದಾಗ ನೀವೇನು ಮಾಡುತ್ತೀರಿ? ಒಬ್ಬರು ರನ್ನುಗಳ ಮೊತ್ತವನ್ನು ಹೇಳುತ್ತೀರಿ, ಇನ್ನೊಬ್ಬರು ಸರಾಸರಿಯನ್ನು ಮುಂದಿಡುತ್ತೀರಿ, ಮೂರನೆಯವರು “ದೊಡ್ಡ ಪಂದ್ಯದಲ್ಲಿ ಆಡಿದವನೇ ಆಟಗಾರ” ಎನ್ನುತ್ತೀರಿ. ಮೂವರ ಮಾತಿನಲ್ಲೂ ಸತ್ಯವಿದೆ. ಆದರೆ ಯಾವ ಮಾತು ಎಷ್ಟರಮಟ್ಟಿಗೆ ಸತ್ಯ ಎಂಬುದನ್ನು ತೂಗಿ ನೋಡುವುದು ಒಂದು ವಿದ್ಯೆ. ಇಂದು ಆ ವಿದ್ಯೆಯನ್ನು ನಮಗೆ ಅಷ್ಟು ಪರಿಚಯವಿಲ್ಲದ ಒಂದು ಆಟದ ಮೂಲಕ ನೋಡೋಣ. ಅದು ಐಸ್ ಹಾಕಿ. ಪರಿಚಯವಿಲ್ಲದ ಆಟವಾದ್ದರಿಂದ ನಮಗೆ ಅಲ್ಲಿ ಮೆಚ್ಚಿನ ತಂಡವೂ ಇಲ್ಲ, ಮೆಚ್ಚಿನ ಆಟಗಾರನೂ ಇಲ್ಲ. ನಿಷ್ಪಕ್ಷಪಾತವಾಗಿ ಯೋಚಿಸಲು ಇದು ಅನುಕೂಲವೇ ಸರಿ.

ಮೊದಲು ಆಟದ ಪರಿಚಯ ಮಾಡಿಕೊಳ್ಳೋಣ. ನಮ್ಮ ದೇಶದಲ್ಲಿ ಲಡಾಖ್‌ನ ಜನ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಗಳ ಮೇಲೆ ಈ ಆಟ ಆಡುತ್ತಾರೆ. ಕೆನಡಾ ಮತ್ತು ಅಮೆರಿಕಾಗಳಲ್ಲಿ ಇದು ಲಕ್ಷಾಂತರ ಜನರ ಆಟ. ಒಂದೊಂದು ತಂಡದಿಂದ ಸಾಮಾನ್ಯವಾಗಿ ಆರು ಮಂದಿ ಮಂಜುಗಡ್ಡೆಯ ಮೇಲೆ ಇರುತ್ತಾರೆ. ಅವರಲ್ಲೊಬ್ಬ ಗೋಲ್‌ಕೀಪರ್. ಚೆಂಡಿನ ಬದಲಿಗೆ ಇಲ್ಲಿರುವುದು ‘ಪಕ್’ ಎಂಬ ಗಟ್ಟಿ ರಬ್ಬರಿನ ಬಿಲ್ಲೆ. ಅದರ ಅಡ್ಡಳತೆ 3 ಅಂಗುಲ, ದಪ್ಪ 1 ಅಂಗುಲ, ತೂಕ ಸುಮಾರು 160 ಗ್ರಾಂ. ಗೋಲಿನ ಅಗಲ 6 ಅಡಿ, ಎತ್ತರ 4 ಅಡಿ. ಬಲವಾದ ಹೊಡೆತದಲ್ಲಿ ಪಕ್ ಗಂಟೆಗೆ 160 ಕಿಲೋಮೀಟರ್ ವೇಗವನ್ನೂ ಮೀರುತ್ತದೆ. ಆ ವೇಗದಲ್ಲಿ ಹತ್ತು ಮೀಟರ್ ದೂರದಿಂದ ಹೊರಟ ಪಕ್ ಗೋಲನ್ನು ತಲುಪಲು ಕಾಲು ಸೆಕೆಂಡೂ ಹಿಡಿಯುವುದಿಲ್ಲ. ಅಷ್ಟರೊಳಗೆ ಗೋಲ್‌ಕೀಪರ್ ಅದನ್ನು ಕಂಡು, ತಡೆಯಬೇಕು.

ಉತ್ತರ ಅಮೆರಿಕಾದ ರಾಷ್ಟ್ರೀಯ ಹಾಕಿ ಲೀಗ್ ಈ ಆಟದ ಅತಿ ದೊಡ್ಡ ವೇದಿಕೆ. ತಿಂಗಳುಗಟ್ಟಲೆ ನಡೆಯುವ ಲೀಗ್ ಪಂದ್ಯಗಳು ಮುಗಿದ ಮೇಲೆ ಉತ್ತಮ 16 ತಂಡಗಳು ‘ಪ್ಲೇ ಆಫ್’ ಹಂತಕ್ಕೆ ಬರುತ್ತವೆ. ಅಲ್ಲಿ ನಾಲ್ಕು ಸುತ್ತುಗಳು. ಪ್ರತಿ ಸುತ್ತಿನಲ್ಲೂ ಏಳು ಪಂದ್ಯಗಳಲ್ಲಿ ನಾಲ್ಕನ್ನು ಮೊದಲು ಗೆದ್ದವರು ಮುಂದೆ ಹೋಗುತ್ತಾರೆ. ಹೀಗೆ 16 ಗೆಲುವು ಸಾಧಿಸಿದ ತಂಡಕ್ಕೆ ಸ್ಟ್ಯಾನ್ಲಿ ಕಪ್. ಪ್ಲೇ ಆಫ್ ಪಂದ್ಯ ಸಮವಾದರೆ, ಯಾರಾದರೂ ಒಂದು ಗೋಲು ಹೊಡೆಯುವವರೆಗೂ ಇಪ್ಪತ್ತಿಪ್ಪತ್ತು ನಿಮಿಷಗಳ ಹೆಚ್ಚುವರಿ ಆಟ ನಡೆಯುತ್ತಲೇ ಇರುತ್ತದೆ. ಆಗ ಗೋಲ್‌ಕೀಪರ್ ಒಮ್ಮೆ ತಪ್ಪಿದರೆ ಪಂದ್ಯವೇ ಮುಗಿಯಿತು.

ಇಂಥ ಆಟಗಾರನನ್ನು ಅಳೆಯಲು ಎರಡು ಮುಖ್ಯ ಅಳತೆಗೋಲುಗಳಿವೆ. ಒಂದು, ಗೋಲು ಸರಾಸರಿ. ಅರವತ್ತು ನಿಮಿಷಗಳ ಆಟಕ್ಕೆ ಅವನು ಎಷ್ಟು ಗೋಲು ಬಿಟ್ಟ ಎಂಬ ಲೆಕ್ಕ. ಇದು ಕಡಿಮೆಯಿದ್ದಷ್ಟೂ ಒಳ್ಳೆಯದು. ಇನ್ನೊಂದು, ತಡೆ ಪ್ರಮಾಣ. ಗೋಲಿನತ್ತ ನೇರವಾಗಿ ಬಂದ ನೂರು ಹೊಡೆತಗಳಲ್ಲಿ ಎಷ್ಟನ್ನು ತಡೆದ ಎಂಬ ಲೆಕ್ಕ. ಇದು ಹೆಚ್ಚಿದ್ದಷ್ಟೂ ಒಳ್ಳೆಯದು.

ಎರಡೂ ಒಂದೇ ಅಲ್ಲವೇ ಎಂದು ನೀವು ಕೇಳಬಹುದು. ಒಂದು ಉದಾಹರಣೆ ನೋಡಿ. ಒಂದು ಪಂದ್ಯದಲ್ಲಿ ‘ಅ’ ಎಂಬ ಗೋಲ್‌ಕೀಪರ್‌ಗೆ 20 ಹೊಡೆತಗಳು ಬಂದವು; 2 ಗೋಲು ಬಿಟ್ಟ. ‘ಆ’ ಎಂಬವನಿಗೆ 40 ಹೊಡೆತಗಳು ಬಂದವು. 3 ಗೋಲು ಬಿಟ್ಟ. ಗೋಲು ಸರಾಸರಿಯಲ್ಲಿ ‘ಅ’ ಮುಂದಿದ್ದಾನೆ. ತಡೆ ಪ್ರಮಾಣದಲ್ಲಾದರೋ ‘ಅ’ನದು ಶೇಕಡಾ 90, ‘ಆ’ನದು ಶೇಕಡಾ 92.5. ಅಂದರೆ ಮೊದಲನೆಯ ಅಳತೆಯಲ್ಲಿ ತಂಡದ ಉಳಿದ ಆಟಗಾರರ ಶ್ರಮವೂ ಸೇರಿಕೊಂಡಿದೆ. ಅವರು ಎದುರಾಳಿಗೆ ಹೊಡೆಯಲು ಅವಕಾಶವನ್ನೇ ಕೊಡದಿದ್ದರೆ ಗೋಲ್‌ಕೀಪರ್‌ನ ಸರಾಸರಿ ತಾನಾಗಿಯೇ ಚೆನ್ನಾಗಿ ಕಾಣುತ್ತದೆ.

ಈಗ ನಿಜವಾಗಿ ನಡೆದ ಒಂದು ಸ್ಪರ್ಧೆಗೆ ಬರೋಣ. 2003ರ ಸ್ಟ್ಯಾನ್ಲಿ ಕಪ್ ಅಂತಿಮ ಸುತ್ತಿನಲ್ಲಿ ನ್ಯೂಜೆರ್ಸಿ ಡೆವಿಲ್ಸ್ ಮತ್ತು ಅನಾಹೈಮ್ ಮೈಟಿ ಡಕ್ಸ್ ತಂಡಗಳು ಎದುರಾದವು. ನ್ಯೂಜೆರ್ಸಿಯ ಗೋಲ್‌ಕೀಪರ್ ಮಾರ್ಟಿನ್ ಬ್ರೊಡೂರ್ ಅದಕ್ಕೆ ಮೊದಲೇ 1995 ಮತ್ತು 2000ದಲ್ಲಿ ಕಪ್ ಗೆದ್ದಿದ್ದ ಹೆಸರಾಂತ ಆಟಗಾರ. ಅನಾಹೈಮ್ ಕಡೆ ಇದ್ದವನು ಜಾನ್ ಸೆಬಾಸ್ಟಿಯನ್ ಜಿಗೇರ್. ಮೊದಲ ಸುತ್ತಿನ ಮೊದಲ ಪಂದ್ಯದಲ್ಲೇ, ಹಿಂದಿನ ವರ್ಷದ ವಿಜೇತ ಡೆಟ್ರಾಯಿಟ್ ತಂಡದ 63 ಹೊಡೆತಗಳನ್ನು ತಡೆದು ಜಿಗೇರ್ ತನ್ನ ತಂಡವನ್ನು ಗೆಲ್ಲಿಸಿದ್ದ. ಮೂರನೆಯ ಸುತ್ತಿನಲ್ಲಿ ಮಿನೆಸೋಟ ತಂಡಕ್ಕೆ ನಾಲ್ಕು ಪಂದ್ಯಗಳಲ್ಲಿ ಅವನು ಬಿಟ್ಟದ್ದು ಒಂದೇ ಒಂದು ಗೋಲು.

ಅಂತಿಮ ಸುತ್ತು ಏಳನೆಯ ಪಂದ್ಯದವರೆಗೂ ಹೋಯಿತು. ಕೊನೆಯ ಪಂದ್ಯವನ್ನು ನ್ಯೂಜೆರ್ಸಿ 3-0ಯಿಂದ ಗೆದ್ದಿತು. ಆ ಪ್ಲೇ ಆಫ್‌ನಲ್ಲಿ ಬ್ರೊಡೂರ್ ಒಂದೂ ಗೋಲು ಬಿಡದೆ ಮುಗಿಸಿದ ಪಂದ್ಯಗಳು ಏಳು, ಅದು ದಾಖಲೆ. ಆದರೆ ಪ್ಲೇ ಆಫ್‌ನ ಅತ್ಯುತ್ತಮ ಆಟಗಾರನಿಗೆ ಹಾಕಿ ಪತ್ರಕರ್ತರು ಮತ ಹಾಕಿ ಕೊಡುವ ಕಾನ್ ಸ್ಮೈಥ್ ಟ್ರೋಫಿ ಸಿಕ್ಕಿದ್ದು ಸೋತ ತಂಡದ ಜಿಗೇರ್‌ಗೆ! ಇದು ನ್ಯಾಯವೇ? ಅಂಕಿಗಳನ್ನು ಕೇಳೋಣ.

ಬ್ರೊಡೂರ್ 24 ಪಂದ್ಯಗಳಲ್ಲಿ 622 ಹೊಡೆತ ಎದುರಿಸಿ 41 ಗೋಲು ಬಿಟ್ಟ. ಗೋಲು ಸರಾಸರಿ 1.65. ಜಿಗೇರ್ 21 ಪಂದ್ಯಗಳಲ್ಲಿ 697 ಹೊಡೆತ ಎದುರಿಸಿ 38 ಗೋಲು ಬಿಟ್ಟ. ಗೋಲು ಸರಾಸರಿ 1.62. ಸರಾಸರಿ ನೋಡಿದರೆ ಇಬ್ಬರೂ ಹೆಚ್ಚು ಕಡಿಮೆ ಸಮಾನರು. ಆದರೆ ತಡೆ ಪ್ರಮಾಣ ಬ್ರೊಡೂರ್‌ನದು ಶೇಕಡಾ 93.4, ಜಿಗೇರ್‌ನದು ಶೇಕಡಾ 94.5. ಅರವತ್ತು ನಿಮಿಷಕ್ಕೆ ಬ್ರೊಡೂರ್‌ಗೆ ಬಂದ ಹೊಡೆತಗಳು ಸುಮಾರು 25, ಜಿಗೇರ್‌ಗೆ ಸುಮಾರು 30. ಜಿಗೇರ್‌ನ ಜಾಗದಲ್ಲಿ ನಿಂತು ಅದೇ 697 ಹೊಡೆತಗಳನ್ನು ಬ್ರೊಡೂರ್‌ನ ಪ್ರಮಾಣದಲ್ಲಿ ತಡೆದಿದ್ದರೆ ಸುಮಾರು 46 ಗೋಲುಗಳಾಗುತ್ತಿದ್ದವು. ಜಿಗೇರ್ ಬಿಟ್ಟದ್ದು 38. ವ್ಯತ್ಯಾಸ ಎಂಟು ಗೋಲು. ಒಂದೇ ಗೋಲಿನಿಂದ ಪಂದ್ಯಗಳು ತೀರ್ಮಾನವಾಗುವ ಆಟದಲ್ಲಿ ಎಂಟು ಗೋಲು ಸಣ್ಣ ಮಾತಲ್ಲ.

ಹಾಗಾದರೆ ಜಿಗೇರ್‌ನೇ ಮೇಲು ಎಂದು ಗೆರೆ ಎಳೆದುಬಿಡೋಣವೇ? ಸ್ವಲ್ಪ ತಡೆಯಿರಿ. ಮೂರು ಎಚ್ಚರಿಕೆಗಳಿವೆ.

ಮೊದಲನೆಯದು, ಎಲ್ಲ ಹೊಡೆತಗಳೂ ಒಂದೇ ಅಲ್ಲ. ದೂರದಿಂದ, ಎದುರಿಗೆ ಅಡ್ಡ ಯಾರೂ ಇಲ್ಲದಾಗ ಬಂದ ಪಕ್ಕನ್ನು ತಡೆಯುವುದು ಸುಲಭ. ಮೂರು ಮೀಟರ್ ದೂರದಿಂದ ತಿರುಗಿ ಬಂದದ್ದನ್ನು ತಡೆಯುವುದು ಬಲು ಕಷ್ಟ. ತಡೆ ಪ್ರಮಾಣದಲ್ಲಿ ಎರಡಕ್ಕೂ ಒಂದೇ ಬೆಲೆ. ಸುಲಭ ಪ್ರಶ್ನೆಗೂ ಕಠಿಣ ಪ್ರಶ್ನೆಗೂ ಒಂದೊಂದೇ ಅಂಕವಿರುವ ಪ್ರಶ್ನೆಪತ್ರಿಕೆಯಂತೆ. ಇದನ್ನು ಸರಿಪಡಿಸಲು ಈಗಿನ ಅಂಕಿಅಂಶ ತಜ್ಞರು, ಹೊಡೆತ ಎಲ್ಲಿಂದ ಬಂತು, ಹೇಗೆ ಬಂತು ಎಂಬುದನ್ನು ನೋಡಿ ಅದು ಗೋಲಾಗುವ ಸಂಭವನೀಯತೆಯನ್ನು ಲೆಕ್ಕ ಹಾಕುತ್ತಾರೆ. ಅವೆಲ್ಲವನ್ನೂ ಕೂಡಿಸಿದರೆ ಸಾಮಾನ್ಯ ಗೋಲ್‌ಕೀಪರ್ ಎಷ್ಟು ಗೋಲು ಬಿಡುತ್ತಿದ್ದ ಎಂಬ ಅಂದಾಜು ಸಿಗುತ್ತದೆ. ಅದಕ್ಕೂ ನಿಜವಾಗಿ ಬಿಟ್ಟ ಗೋಲುಗಳಿಗೂ ಇರುವ ಅಂತರವೇ ಆಟಗಾರನ ಗಳಿಕೆ. ಗಣಿತದ ತರಗತಿಯ ಸಂಭವನೀಯತೆ ಎಲ್ಲಿ ಉಪಯೋಗಕ್ಕೆ ಬಂತು ನೋಡಿದಿರಾ!

ಎರಡನೆಯದು, ಪಂದ್ಯಗಳ ಸಂಖ್ಯೆ. ಪ್ಲೇ ಆಫ್ ಎಂದರೆ ಹೆಚ್ಚೆಂದರೆ 28 ಪಂದ್ಯ. 500 ಹೊಡೆತಗಳಲ್ಲಿ ಶೇಕಡಾ 92 ಮತ್ತು ಶೇಕಡಾ 93ರ ನಡುವಿನ ವ್ಯತ್ಯಾಸ ಬರೀ ಐದು ಗೋಲು. ಕಂಬಕ್ಕೆ ತಗುಲಿ ಹೊರಗೆ ಹೋಗುವ ಬದಲು ಒಳಗೆ ಬಿದ್ದ ಐದು ಪಕ್‌ಗಳು ಸಾಕು, ಲೆಕ್ಕ ತಲೆಕೆಳಗಾಗುತ್ತದೆ. ಅದೃಷ್ಟದ ಪಾಲು ಎಷ್ಟು ಎಂಬುದಕ್ಕೆ 2003ರ ಅಂತಿಮ ಸುತ್ತಿನಲ್ಲೇ ಸಾಕ್ಷಿಯಿದೆ. ಮೂರನೆಯ ಪಂದ್ಯದಲ್ಲಿ ಬ್ರೊಡೂರ್‌ನ ಕೈಯಿಂದ ಕೋಲು ಜಾರಿ ಬಿತ್ತು. ಸುಮ್ಮನೆ ಉರುಳಿ ಬರುತ್ತಿದ್ದ ಪಕ್ ಆ ಬಿದ್ದ ಕೋಲಿಗೇ ತಗುಲಿ ಗೋಲಿನೊಳಗೆ ಹೋಯಿತು. ಆ ಪಂದ್ಯವನ್ನು ನ್ಯೂಜೆರ್ಸಿ 2-3ರಿಂದ ಸೋತಿತು.

ಆದ್ದರಿಂದ ಕಡಿಮೆ ಪಂದ್ಯಗಳನ್ನು ನೋಡಿ ದೊಡ್ಡ ತೀರ್ಪು ಕೊಡಬಾರದು. ಹಾಗೆಂದು ಅವನ್ನು ಕಡೆಗಣಿಸುವಂತೆಯೂ ಇಲ್ಲ. 1971ರಲ್ಲಿ ಕೆನ್ ಡ್ರೈಡನ್ ಎಂಬ ಯುವಕ ಲೀಗ್‌ನಲ್ಲಿ ಆರೇ ಪಂದ್ಯ ಆಡಿದ್ದ. ಮಾಂಟ್ರಿಯಲ್ ತಂಡ ಅವನನ್ನು ನಂಬಿ ಪ್ಲೇ ಆಫ್‌ಗೆ ಇಳಿಸಿತು. ಆ ಕಾಲದ ಅತಿ ಬಲಿಷ್ಠ ಬಾಸ್ಟನ್ ತಂಡವನ್ನು ಮೊದಲ ಸುತ್ತಿನಲ್ಲೇ ಸೋಲಿಸಿ, ಮಾಂಟ್ರಿಯಲ್ ಕಪ್ ಗೆದ್ದಿತು. ಕಾನ್ ಸ್ಮೈಥ್ ಟ್ರೋಫಿ ಡ್ರೈಡನ್‌ಗೆ ಬಂತು. ಅದು ಬರೀ ಅದೃಷ್ಟವಲ್ಲ ಎಂಬುದು ಕಾಲಕ್ರಮದಲ್ಲಿ ತಿಳಿಯಿತು. ಅವನು ಒಟ್ಟು ಆರು ಸಲ ಕಪ್ ಗೆದ್ದ ತಂಡದಲ್ಲಿದ್ದ. ಇದರ ನಡುವೆಯೇ ಕಾನೂನು ಪದವಿಯನ್ನೂ ಪಡೆದ ಡ್ರೈಡನ್, ಮುಂದೆ ಕೆನಡಾದ ಸಚಿವನೂ ಆದ.

ಮೂರನೆಯ ಎಚ್ಚರಿಕೆ, ಕಾಲ. 1952ರಲ್ಲಿ ಡೆಟ್ರಾಯಿಟ್‌ನ ಟೆರಿ ಸಾಚಕ್ ಪ್ಲೇ ಆಫ್‌ನ ಎಂಟು ಪಂದ್ಯಗಳನ್ನೂ ಗೆದ್ದು ಒಟ್ಟು ಐದೇ ಗೋಲು ಬಿಟ್ಟ. ಸರಾಸರಿ 0.63. ತವರು ಮೈದಾನದಲ್ಲಿ ಒಂದೂ ಗೋಲು ಬಿಡಲಿಲ್ಲ. ಆದರೆ ಆಗ ಪ್ಲೇ ಆಫ್‌ನಲ್ಲಿದ್ದದ್ದು ನಾಲ್ಕೇ ತಂಡ, ಕಪ್‌ಗೆ ಬೇಕಿದ್ದದ್ದು ಎಂಟೇ ಗೆಲುವು. ಪ್ಯಾಟ್ರಿಕ್ ರುವಾ ತನ್ನ ಜೀವಮಾನದಲ್ಲಿ ಪ್ಲೇ ಆಫ್‌ನ 151 ಪಂದ್ಯ ಗೆದ್ದ. ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಿದರೆ ಇಬ್ಬರಿಗೂ ಅನ್ಯಾಯ.

ಬೇರೆ ಕಾಲದವರನ್ನು ಹೋಲಿಸಲು ಒಂದು ಸರಳ ಉಪಾಯವಿದೆ. ಪ್ರತಿಯೊಬ್ಬನನ್ನೂ ಅವನ ಕಾಲದ ಸಾಮಾನ್ಯ ಮಟ್ಟದ ಪಕ್ಕದಲ್ಲೇ ನಿಲ್ಲಿಸಬೇಕು. 1986ರಲ್ಲಿ, ಇಪ್ಪತ್ತು ವರ್ಷದ ರುವಾ ಮಾಂಟ್ರಿಯಲ್‌ಗೆ ಕಪ್ ತಂದುಕೊಟ್ಟಾಗ ಅವನ ತಡೆ ಪ್ರಮಾಣ ಶೇಕಡಾ 92.3. 2012ರಲ್ಲಿ ಲಾಸ್ ಏಂಜಲೀಸ್‌ನ ಜೊನಾಥನ್ ಕ್ವಿಕ್ ಕಪ್ ಗೆದ್ದಾಗ ಶೇಕಡಾ 94.6. ಮೇಲ್ನೋಟಕ್ಕೆ ಕ್ವಿಕ್ ಬಹಳ ಮುಂದಿದ್ದಾನೆ. ಆದರೆ 1986ರ ಸುಮಾರಿಗೆ ಸಾಮಾನ್ಯ ಗೋಲ್‌ಕೀಪರ್ ನೂರು ಹೊಡೆತಕ್ಕೆ ಸುಮಾರು 12 ಗೋಲು ಬಿಡುತ್ತಿದ್ದ. ರುವಾ ಬಿಟ್ಟದ್ದು 8ಕ್ಕೂ ಕಡಿಮೆ. 2012ರಲ್ಲಿ ಸಾಮಾನ್ಯನು ಬಿಡುತ್ತಿದ್ದದ್ದು ಸುಮಾರು 9. ಕ್ವಿಕ್ ಬಿಟ್ಟದ್ದು 5ಕ್ಕಿಂತ ತುಸು ಹೆಚ್ಚು. ಇಬ್ಬರೂ ತಮ್ಮ ಕಾಲದ ಸಾಮಾನ್ಯನು ಬಿಡುವ ಗೋಲುಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲಿನಷ್ಟನ್ನು ಮಾತ್ರ ಬಿಟ್ಟಿದ್ದಾರೆ. ಇಪ್ಪತ್ತಾರು ವರ್ಷಗಳ ಅಂತರದ ಇಬ್ಬರು ಹೀಗೆ ಸಮೀಪಕ್ಕೆ ಬಂದುಬಿಟ್ಟರು.

ಇನ್ನೊಂದು ವಿಷಯವನ್ನು ಹೇಳದಿದ್ದರೆ ಮಾತು ಪೂರ್ಣವಾಗದು. ಸರಾಸರಿ ಎಂಬುದು ಏರಿಳಿತವನ್ನು ಮುಚ್ಚಿಡುತ್ತದೆ. 2011ರ ಅಂತಿಮ ಸುತ್ತಿನಲ್ಲಿ ಬಾಸ್ಟನ್‌ನ ಟಿಮ್ ಥಾಮಸ್ ಮತ್ತು ವ್ಯಾಂಕೂವರ್‌ನ ರಾಬರ್ಟೊ ಲುವಾಂಗೊ ಎದುರಾದರು. ಲುವಾಂಗೊ ಎರಡು ಪಂದ್ಯಗಳಲ್ಲಿ ಒಂದೂ ಗೋಲು ಬಿಡದೆ 1-0ಯಿಂದ ಗೆದ್ದ. ಆದರೆ ಸೋತ ಪಂದ್ಯಗಳಲ್ಲಿ ಒಂದರಲ್ಲಿ ಎಂಟು ಗೋಲು ಬಿಟ್ಟ. ಇನ್ನೆರಡರಲ್ಲಿ ತರಬೇತುದಾರರು ಅವನನ್ನು ನಡುವೆಯೇ ಹೊರಗೆ ಕರೆಯಬೇಕಾಯಿತು. ಥಾಮಸ್ ಏಳು ಪಂದ್ಯಗಳಲ್ಲಿ 246 ಹೊಡೆತ ಎದುರಿಸಿ ಬಿಟ್ಟದ್ದು ಒಟ್ಟು ಎಂಟು ಗೋಲು. ಯಾವ ಪಂದ್ಯದಲ್ಲೂ ಮೂರನ್ನು ಮೀರಲಿಲ್ಲ. ಎರಡು ಪಂದ್ಯಗಳಲ್ಲಿ ಒಂದೊಂದೇ ಗೋಲು ಬಿಟ್ಟೂ ಸೋತ, ಏಕೆಂದರೆ ಅವನ ತಂಡ ಒಂದೂ ಗೋಲು ಹೊಡೆಯಲಿಲ್ಲ. ಏಳನೆಯ ಪಂದ್ಯವನ್ನು ಬಾಸ್ಟನ್ 4-0ಯಿಂದ ಗೆದ್ದು ಕಪ್ ಪಡೆಯಿತು. ಕಪ್‌ಗೆ ಬೇಕಾದದ್ದು ದಿನವೂ ನಂಬಬಹುದಾದ ಆಟ.

ಈಗ ಮತ್ತೆ ಜಿಗೇರ್‌ನ ವಿಷಯಕ್ಕೆ ಬರೋಣ. ನಾಲ್ಕು ವರ್ಷಗಳ ನಂತರ, 2007ರಲ್ಲಿ, ಅವನು ಅದೇ ಅನಾಹೈಮ್ ತಂಡದೊಂದಿಗೆ ಸ್ಟ್ಯಾನ್ಲಿ ಕಪ್ ಗೆದ್ದ. ಆ ವರ್ಷದ ಪ್ಲೇ ಆಫ್‌ನಲ್ಲಿ ಅವನ ತಡೆ ಪ್ರಮಾಣ ಶೇಕಡಾ 92.2. ಸೋತ ವರ್ಷ ಶೇಕಡಾ 94.5, ಗೆದ್ದ ವರ್ಷ ಶೇಕಡಾ 92.2! ಗೆಲುವು ತಂಡದ್ದು, ಅದನ್ನೇ ಒಬ್ಬನ ಸಾಮರ್ಥ್ಯದ ಅಳತೆಗೋಲಾಗಿ ಬಳಸಿದರೆ ಅವನ ಅತ್ಯುತ್ತಮ ಆಟವೇ ನಮ್ಮ ಕಣ್ಣಿಗೆ ಬೀಳುವುದಿಲ್ಲ. 1965ರಲ್ಲಿ ಆರಂಭವಾದ ಕಾನ್ ಸ್ಮೈಥ್ ಟ್ರೋಫಿ 2025ರವರೆಗೆ ಸೋತ ತಂಡದವರಿಗೆ ಸಂದದ್ದು ಆರು ಸಲ ಮಾತ್ರ. ಆ ಆರರಲ್ಲಿ ನಾಲ್ವರು ಗೋಲ್‌ಕೀಪರ್‌ಗಳು. ಮತ ಹಾಕಿದವರು ಆ ನಾಲ್ಕು ಸಲ ಫಲಿತಾಂಶದ ಆಚೆಗೂ ನೋಡಿದರು.

ಮಿತ್ರರೇ, ಪರೀಕ್ಷೆಯ ಅಂಕ, ಆಟದ ಅಂಕಿ, ಪತ್ರಿಕೆಯಲ್ಲಿ ಬರುವ ಶೇಕಡಾವಾರು ಲೆಕ್ಕ, ಯಾವುದನ್ನೇ ನೋಡುವಾಗಲೂ ನಾಲ್ಕು ಪ್ರಶ್ನೆ ಕೇಳಿ. ಇದರಲ್ಲಿ ಒಬ್ಬನ ಪಾಲೆಷ್ಟು, ಜೊತೆಗಿದ್ದವರ ಪಾಲೆಷ್ಟು? ಎದುರಾದ ಕೆಲಸ ಎಷ್ಟು ಕಠಿಣವಾಗಿತ್ತು? ಎಷ್ಟು ಸಲದ ಲೆಕ್ಕ ಇದು? ಅದೇ ಕಾಲದ, ಅದೇ ಸ್ಥಿತಿಯ ಉಳಿದವರು ಹೇಗಿದ್ದರು? ಈ ನಾಲ್ಕಕ್ಕೂ ಉತ್ತರ ಸಿಕ್ಕ ಮೇಲೆ ತೀರ್ಪು ಕೊಡಿ.

ಕೊನೆಯದಾಗಿ ನಿಮಗೊಂದು ಅಭ್ಯಾಸ. ನಿಮ್ಮ ಶಾಲೆ ಅಥವಾ ಕಾಲೇಜಿನ ಫುಟ್‌ಬಾಲ್ ಇಲ್ಲವೇ ಹಾಕಿ ತಂಡದ ಗೋಲ್‌ಕೀಪರ್‌ಗೆ ಹತ್ತು ಪಂದ್ಯಗಳಲ್ಲಿ ಬಂದ ಹೊಡೆತಗಳನ್ನು, ಬಿಟ್ಟ ಗೋಲುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಹತ್ತಿರದ ಹೊಡೆತ, ದೂರದ ಹೊಡೆತ ಎಂದು ಎರಡು ಕಲಮುಗಳಿರಲಿ. ತಂಡ ಸೋತ ದಿನವೇ ನಿಮ್ಮ ಗೋಲ್‌ಕೀಪರ್ ಅತ್ಯುತ್ತಮವಾಗಿ ಆಡಿದ್ದನೆಂದು ಆ ಪುಟ ಹೇಳಿದರೆ, ಅದನ್ನು ಅವನಿಗೆ ತೋರಿಸಲು ಮರೆಯಬೇಡಿ.